ಪೆಂಟಾವೇಲೆಂಟ್ ಎರಡನೇ ಡೋಸ್ ತಡವಾಗಿದ್ದರೆ

ಆರನೇ ವಾರದ ಲಸಿಕೆ ಆದಮೇಲೆ ನಿಮ್ಮ ಮಗುವಿಗೆ ಜ್ವರ ಬಂದು ತೊಡೆ ಊದಿಕೊಂಡಿತು ಅಂತ ಬರೆದಿದ್ದೀರಿ. ಅದು ಬಹುಶಃ ಐದು ರೋಗಗಳನ್ನು ತಡೆಯುವ ಲಸಿಕೆಯಾದ ಪೆಂಟಾವೇಲೆಂಟ್‌ನಲ್ಲಿರುವ ನಾಯಿಕೆಮ್ಮಿನ ಅಂಶದಿಂದ. ನಮ್ಮ ಮಗಳಿಗೂ ಹೀಗೇ ಆಗಿತ್ತು. ಆ ಅಂಶದಲ್ಲಿರುವುದು ಸತ್ತ ಬ್ಯಾಕ್ಟೀರಿಯಾ, ರೋಗ ತರಲಾರದು. ದೇಹ ಅದನ್ನು ಗುರುತಿಸಿ ಎದುರಿಸಲು ಕಲಿಯುವಾಗ ಒಂದೆರಡು ದಿನ ಮೈ ಬಿಸಿಯಾಗುತ್ತದೆ.

ಹೆದರಿ ಎರಡನೇ ಡೋಸ್ ಎರಡು ತಿಂಗಳು ತಡಮಾಡಿದ್ದೇವೆ, ಮೊದಲಿನಿಂದ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಮೊದಲ ಡೋಸಿನ ನೆನಪು ರೋಗನಿರೋಧಕ ಕೋಶಗಳಲ್ಲಿ ಉಳಿದಿರುತ್ತದೆ, ಮುಂದಿನದು ಅದನ್ನೇ ಗಟ್ಟಿ ಮಾಡುತ್ತದೆ. ಆದರೆ ಒಂದೇ ಡೋಸಿನ ರಕ್ಷಣೆ ಸಾಲದು. ನಾಯಿಕೆಮ್ಮು ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ, ದಯವಿಟ್ಟು ಇನ್ನು ಮುಂದೂಡಬೇಡಿ.

ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ ಲಸಿಕೆಯ ದಿನ ತಿಳಿದುಕೊಳ್ಳಿ. ತಾಯಿ ಕಾರ್ಡ್ ಹಿಡಿದು ಹೋಗಿ, ಹಿಂದಿನ ಜ್ವರದ ವಿಷಯ ಹೇಳಿ. ಪ್ಯಾರಾಸಿಟಮಾಲ್ ಮಗುವಿನ ತೂಕಕ್ಕೆ ಎಷ್ಟು ಅಂತ ಅಲ್ಲೇ ಬರೆಸಿಕೊಳ್ಳಿ. ಬಾಕಿ ಇರುವ ಪೋಲಿಯೊ ಹನಿಯನ್ನೂ ಅದೇ ದಿನ ಹಾಕಿಸಬಹುದು. ಚುಚ್ಚಿದ ಜಾಗ ಉಜ್ಜಬೇಡಿ, ತಣ್ಣೀರ ಬಟ್ಟೆ ಸಾಕು. ಮೂರನೇ ಡೋಸಿಗೆ ಕನಿಷ್ಠ 4 ವಾರ ಅಂತರವಿರಲಿ.

ಹಿಂದಿನ ಸಲ ಫಿಟ್ಸ್ ಬಂದಿತ್ತಾ, ಉಸಿರಾಟಕ್ಕೆ ತೊಂದರೆಯಾಗಿತ್ತಾ ಅಂತ ನೀವು ಬರೆದಿಲ್ಲ. ಆಗಿದ್ದರೆ ಮಾತ್ರ ಮೊದಲು ಮಕ್ಕಳ ಡಾಕ್ಟರನ್ನು ಕಾಣಿ.