ಕಾರವಾರದ ಗುಡ್ಡೆಹಳ್ಳಿ ಬೆಟ್ಟ ಹತ್ತಲು ಯಾವ ಬೂಟು ಕೊಳ್ಳಬೇಕು?

ಬೂಟಿನ ವಿಷಯ ಆಮೇಲೆ. ಮಧ್ಯಾಹ್ನ ಊಟ ಮುಗಿಸಿ ಹೊರಟು, ದಾರಿಯಲ್ಲಿ ಸಿಗುವ ಸಣ್ಣಪುಟ್ಟ ಬಂಡೆಗಳನ್ನೂ ಏರಿ, ತುದಿಯಲ್ಲಿ ಸೂರ್ಯಾಸ್ತ ನೋಡಿ, ಮೊಬೈಲ್ ಬೆಳಕಿನಲ್ಲಿ ಇಳಿದು ಬರುತ್ತೇನೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಬಲಗೈ ಮಣಿಕಟ್ಟು ಚುಳ್ ಎಂದಿತು.

ಕೆಲಸಕ್ಕೆಂದು ಕಾರವಾರಕ್ಕೆ ಬಂದ ಹೊಸದರಲ್ಲಿ ನಾನೂ ಒಬ್ಬ ಗೆಳೆಯನೊಂದಿಗೆ ಹೀಗೇ ಹೊರಟಿದ್ದೆ. ಡಿಸೆಂಬರ್ ತಿಂಗಳು. ಮೇಲಿರುವ ಹಾಲಕ್ಕಿ ಒಕ್ಕಲಿಗರ ಮನೆಗಳವರೆಗೆ ಕಾಲುದಾರಿ ಸಲೀಸು. ಏರು ಬೆವರಿಳಿಸುತ್ತದೆ, ಅಷ್ಟೇ. ಮೇಲಕ್ಕೆ ಹೋದ ಮೇಲೆ ದಾರಿ ಬಳಸಿಕೊಂಡು ಹೋಗುತ್ತದೆಂದು ಬೇಸರವಾಗಿ, ಎರಡಾಳೆತ್ತರದ ಕಪ್ಪು ಬಂಡೆಯೊಂದನ್ನು ನೇರವಾಗಿ ಹತ್ತಿದೆ. ಹತ್ತುವುದು ಎಷ್ಟು ಸುಲಭವಾಗಿತ್ತೆಂದರೆ ಮೇಲೆ ನಿಂತು ಗೆಳೆಯನನ್ನು ಹಂಗಿಸಿದೆ. ಅವನು ಸುತ್ತು ದಾರಿಯಲ್ಲೇ ಬಂದ.

ಕೆಟ್ಟದ್ದು ಇಳಿಯುವಾಗ. ಕತ್ತಲಾಗುತ್ತಿದೆ, ಹತ್ತಿದಲ್ಲೇ ಬೇಗ ಇಳಿದುಬಿಡೋಣ ಎಂದುಕೊಂಡೆ. ಬಂಡೆ ಹತ್ತುವಾಗ ಹಿಡಿಯುವ ಜಾಗವನ್ನು ಮೊದಲು ಕಣ್ಣು ನೋಡುತ್ತದೆ, ಆಮೇಲೆ ಕೈ ಮುಟ್ಟುತ್ತದೆ, ಕೊನೆಗೆ ಕಾಲು ಬರುತ್ತದೆ. ಇಳಿಯುವಾಗ ಕಾಲೇ ಮೊದಲು ಹೋಗಬೇಕು, ಅದಕ್ಕೆ ಕಣ್ಣಿಲ್ಲ. ನಾನು ಕಣಿವೆಗೆ ಮುಖ ಮಾಡಿ, ಕುಂಡೆಯೂರಿ ಜಾರತೊಡಗಿದೆ. ಬೆನ್ನಿನ ಚೀಲ ಹಿಂದಿನ ಕಲ್ಲಿಗೆ ಒತ್ತಿ ನನ್ನನ್ನು ಮುಂದಕ್ಕೆ ತಳ್ಳಿತು. ಹಿಮ್ಮಡಿ ಊರಿದಲ್ಲಿ ಒಣಗಿದ ಪಾಚಿ. ಒತ್ತುತ್ತಲೇ ಪುಡಿಯಾಗಿ ಉದುರಿತು. ಬಂಡೆಗೆ ಮುಖ ಮಾಡಬೇಕಿತ್ತು. ಎರಡು ಕೈ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲಷ್ಟೇ ಇನ್ನೊಂದು ಕಾಲನ್ನು ಕದಲಿಸಬೇಕಿತ್ತು. ಚೀಲವನ್ನು ಮೊದಲೇ ಗೆಳೆಯನ ಕೈಗೆ ಕೊಡಬೇಕಿತ್ತು. ಅದೆಲ್ಲಕ್ಕೂ ಮೊದಲು, ಹತ್ತುವಾಗಲೇ ನಾಲ್ಕು ಅಡಿ ಏರಿ, ಅದೇ ನಾಲ್ಕು ಅಡಿ ಇಳಿದು ನೋಡಿದ್ದರೆ ಆ ಬಂಡೆ ನನ್ನ ಯೋಗ್ಯತೆಯದ್ದಲ್ಲ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಅಂಗೈ ಊರಿ ಬಿದ್ದೆ. ಹೆಬ್ಬೆರಳಿನ ಬುಡದಲ್ಲಿ ನೋವು. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕೆಂದು ಎಣ್ಣೆ ತಿಕ್ಕಿಕೊಂಡು ಓಡಾಡಿದೆ. ಅಲ್ಲಿನ ಪುಟ್ಟ ಮೂಳೆಯ ಬಿರುಕು ಮೊದಲಿಗೆ ಕಾಣದೇ ಹೋಗುವುದುಂಟಂತೆ. ಕೊನೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಅನ್ನ ಕಲಸಲೂ ಎಡಗೈಯೇ ಗತಿಯಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಸೂರ್ಯಾಸ್ತಕ್ಕೆ ಆ ಬೆಟ್ಟ ಏಕೆ ಬೇಕು? ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ಕುಳಿತು ನೋಡಿ. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮರಗಳ ಅಡಿಯಲ್ಲಿ ಕತ್ತಲೆ ಅದಕ್ಕೂ ಮೊದಲೇ ಕವಿಯುತ್ತದೆ. ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಬೇಕು. ಕಡಲು ಪಶ್ಚಿಮಕ್ಕಿದೆ, ಬಿಸಿಲು ಬೆನ್ನ ಹಿಂದಿರುವಾಗ ಕಾಳಿ ನದಿ ಸಮುದ್ರ ಸೇರುವುದು, ಕೂರ್ಮಗಡ ದ್ವೀಪ, ದೇವಗಡ ದ್ವೀಪದ ದೀಪಸ್ತಂಭ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಮಧ್ಯಾಹ್ನದ ನಂತರ ಬರೀ ಕಣ್ಣು ಕುಕ್ಕುವ ಹೊಳಪು. ದಕ್ಷಿಣಕ್ಕೆ ನೌಕಾನೆಲೆಯಿದೆ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಇನ್ನು ಬೂಟು. ನಾವು ಏದುಸಿರು ಬಿಡುತ್ತ ಹತ್ತುವಾಗ ಹಾಲಕ್ಕಿ ಅಜ್ಜಿಯೊಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬರಿಗಾಲಿನಲ್ಲಿ ಇಳಿದು ಬಂದರು. ಕೊರಳ ತುಂಬ ಮಣಿಸರ. ನನ್ನ ದುಬಾರಿ ಬೂಟನ್ನು ನೋಡಿ, "ತಮ್ಮಾ, ಕರಡದ ಮೇಲೆ ಕಾಲಿಡಬೇಡ" ಎಂದಷ್ಟೇ ಹೇಳಿ ಹೋದರು. ಒಣಗಿದ ಆ ಹುಲ್ಲು ಇಳಿಜಾರಿನಲ್ಲಿ ಯಾವ ಅಟ್ಟೆಯನ್ನೂ ನಿಲ್ಲಗೊಡುವುದಿಲ್ಲ. ಮನೆಯಲ್ಲಿರುವ, ಅಟ್ಟೆ ಸವೆಯದ ಬೂಟು ಸಾಕು. ಉಳಿದ ಹಣಕ್ಕೆ ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ. ಮೊಬೈಲ್ ಹಿಡಿದ ಕೈ ಬಂಡೆ ಹಿಡಿಯುವುದಿಲ್ಲ.

ಜುಲೈನಲ್ಲಿ ಬರಲೇ ಎಂದೂ ಕೇಳಿದ್ದೀರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಕುಸಿದ ಜಿಲ್ಲೆ ಇದು. ಆ ತಿಂಗಳು ಬೆಟ್ಟವಂತೂ ಬೇಡ. ಯಾಂತ್ರೀಕೃತ ದೋಣಿಗಳಿಗೂ ಆಗ ನಿಷೇಧ, ಒಳ್ಳೆಯ ಮೀನೂಟವೂ ಕಷ್ಟ. ನವೆಂಬರ್ ಕಳೆಯಲಿ, ಬನ್ನಿ.