ನೆದರ್ಲೆಂಡ್ಸ್‌ನಿಂದ ಜರ್ಮನಿಗೆ: ಕಾರ್ಡಿನ ಮೇಲೆ ಏನು ಬರೆದಿದೆ, ಮೊದಲು ಓದಿ

ಯುರೋಪಿನ ಒಂದು ದೇಶದಲ್ಲಿ ನೆಲೆಯಾಗಿ, ಈಗ ಇನ್ನೊಂದು ದೇಶಕ್ಕೆ ಕೆಲಸ ಬದಲಿಸಲು ಹೊರಟ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಉತ್ತರಗಳು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅನ್ವಯಿಸುತ್ತವೆ. ಸಂಬಳ, ಶುಲ್ಕದ ಅಂಕಿಗಳು 2025ರವು.

ಪ್ರಶ್ನೆ: ಐಂಡ್‌ಹೋವನ್‌ನಲ್ಲಿ ಕೆನ್ನಿಸ್‌ಮಿಗ್ರಂಟ್, ಅಂದರೆ ಉನ್ನತ ಕೌಶಲದ ವಲಸಿಗರ ಪರ್ಮಿಟ್ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಮ್ಯೂನಿಕ್‌ನಿಂದ ಆಫರ್ ಬಂದಿದೆ. ಎರಡೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಷೆಂಗನ್ ದೇಶಗಳೇ ಅಲ್ಲವೇ, ಇದೇ ಕಾರ್ಡಿನಲ್ಲಿ ಹೋಗಿ ಕೆಲಸಕ್ಕೆ ಸೇರಬಹುದೇ?

ಉತ್ತರ: ಸೇರುವಂತಿಲ್ಲ. ನಿಮ್ಮ ಕಾರ್ಡ್ ಜರ್ಮನಿಯಲ್ಲಿ ಓಡಾಡಲು ಸಾಕು, ಅದೂ 180 ದಿನಗಳಲ್ಲಿ 90 ದಿನ. ದುಡಿಯಲು ಸಾಲದು. ತುಂಬಾ ಜನ ಎಡವುವುದು ಇಲ್ಲೇ. ಕೆನ್ನಿಸ್‌ಮಿಗ್ರಂಟ್ ಎಂಬುದು ನೆದರ್ಲೆಂಡ್ಸ್‌ನ ಸ್ವಂತ ಪರ್ಮಿಟ್. ಯುರೋಪಿಯನ್ ಒಕ್ಕೂಟದ (ಇಯು) ನಿಯಮದಂತೆ ಉನ್ನತ ಅರ್ಹತೆಯ ವಿದೇಶಿ ನೌಕರರಿಗೆ ಕೊಡುವ ಇಯು ಬ್ಲೂ ಕಾರ್ಡ್ ಬೇರೆಯದೇ. ಸಂಬಳದ ಮಿತಿ ಹೆಚ್ಚುಕಡಿಮೆ ಒಂದೇ ಇರುವುದರಿಂದ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಂಪನಿಗೆ ಕೆನ್ನಿಸ್‌ಮಿಗ್ರಂಟ್ ಅರ್ಜಿ ಸಲೀಸು, ಹಾಗಾಗಿ ಎಚ್‌ಆರ್‌ನವರು ಅದನ್ನೇ ಹಾಕಿಸಿರುತ್ತಾರೆ.

ಕಾರ್ಡಿನ ಮೇಲೆ ಬ್ಲೂ ಕಾರ್ಡ್ ಎಂದೇ ಇದ್ದು, ಅದರಲ್ಲಿ 12 ತಿಂಗಳು ಕಳೆದಿದ್ದರೆ ದಾರಿ ಸುಲಭ. ವೀಸಾ ಇಲ್ಲದೆ ಜರ್ಮನಿಗೆ ಬಂದು, ಬಂದ ಒಂದು ತಿಂಗಳೊಳಗೆ ಅಲ್ಲಿನ ವಿದೇಶಿಯರ ಕಚೇರಿಗೆ ಅರ್ಜಿ ಹಾಕಬಹುದು. ಈಗ ಅವಸರದಲ್ಲಿ ಕೆನ್ನಿಸ್‌ಮಿಗ್ರಂಟ್ ಬಿಟ್ಟು ಬ್ಲೂ ಕಾರ್ಡ್ ಮಾಡಿಸಿದರೆ ಆ 12 ತಿಂಗಳು ಅಂದಿನಿಂದ ಎಣಿಕೆಯಾಗುತ್ತದೆ. ಆಫರ್ ಕೈಯಲ್ಲಿರುವಾಗ ಅದು ಉಪಯೋಗಕ್ಕೆ ಬಾರದು.

ನಿಮಗಿರುವ ದಾರಿ ಜರ್ಮನಿಯ ಹೊಸ ಉದ್ಯೋಗ ವೀಸಾ. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಕಾನೂನುಬದ್ಧವಾಗಿ ವಾಸಿಸುತ್ತಿರುವ ನೆದರ್ಲೆಂಡ್ಸ್‌ನಲ್ಲಿರುವ ಜರ್ಮನ್ ದೂತಾವಾಸಕ್ಕೇ ಅರ್ಜಿ ಹಾಕಬಹುದು. ಶುಲ್ಕ 75 ಯೂರೊ. ಆ ವೀಸಾದಲ್ಲಿ ಹೋಗಿ ಜರ್ಮನಿಯದೇ ಬ್ಲೂ ಕಾರ್ಡ್ ಪಡೆಯಲು 2025ರಲ್ಲಿ ವರ್ಷಕ್ಕೆ 48,300 ಯೂರೊ ಸಂಬಳ ಬೇಕಿತ್ತು. ಸಾಫ್ಟ್‌ವೇರ್‌ನಂಥ ಜನ ಸಾಲದ ವೃತ್ತಿಗಳಿಗೆ 43,759.80 ಸಾಕಿತ್ತು. ಈ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ.

ಪದವಿಯನ್ನು, ವಿದೇಶಿ ವಿಶ್ವವಿದ್ಯಾಲಯ ಮತ್ತು ಪದವಿಗಳ ಮಾನ್ಯತೆ ತಿಳಿಸುವ ಅನಾಬಿನ್ ಎಂಬ ಜರ್ಮನ್ ಪಟ್ಟಿಯಲ್ಲಿ ಹುಡುಕುವಾಗ ನಿಮ್ಮ ಕಾಲೇಜಿನ ಹೆಸರನ್ನಲ್ಲ, ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಿ. ‘ಎಚ್+’ (ಮಾನ್ಯತೆಯಿದೆ) ಎಂದಿದ್ದು ಪದವಿಯೂ ಪಟ್ಟಿಯಲ್ಲಿದ್ದರೆ ಆ ಪುಟದ ಪ್ರಿಂಟ್ ಸಾಕು. ಇಲ್ಲದಿದ್ದರೆ 208 ಯೂರೊ ಕಟ್ಟಿ ಪದವಿಯ ಹೋಲಿಕೆ ಪತ್ರ ತರಿಸಬೇಕು. ವೀಸಾ ತಡವಾಗಬಹುದು ಎನಿಸಿದರೆ ಹೊಸ ಕಂಪನಿಗೆ ಹೇಳಿ 411 ಯೂರೊ ಶುಲ್ಕದ ತ್ವರಿತ ವಿಧಾನದಲ್ಲಿ ಹಾಕಿಸಿ. ಅದನ್ನು ಕಂಪನಿಯೇ ಶುರು ಮಾಡಬೇಕು, ನೀವು ಮಾಡಲಾಗದು.

ವೀಸಾ ಪಾಸ್‌ಪೋರ್ಟಿಗೆ ಅಂಟುವ ತನಕ ರಾಜೀನಾಮೆ ಕೊಡಬೇಡಿ. ಹಳೆ ಕೆಲಸ ಬಿಟ್ಟಮೇಲೆ ನೆದರ್ಲೆಂಡ್ಸ್‌ನಲ್ಲಿ ನಿಮಗೆ ಹೆಚ್ಚೆಂದರೆ ಮೂರು ತಿಂಗಳು.

ಪ್ರಶ್ನೆ: ನಾಲ್ಕೂವರೆ ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿದ್ದೇನೆ. ಐದು ತುಂಬಲಿ ಎಂದು ಕಾಯುವುದು ಮೇಲೋ, ಈಗಲೇ ಹೊರಡುವುದೋ?

ಉತ್ತರ: ಡಚ್ ಭಾಷೆ ಮತ್ತು ಸಮಾಜದ ಪರೀಕ್ಷೆ ಪಾಸಾಗಿದ್ದರೆ ಕಾಯಿರಿ. ಐದು ವರ್ಷ ತುಂಬಿದ ಮೇಲೆ ಸಿಗುವ ‘ಇಯು ದೀರ್ಘಾವಧಿ ನಿವಾಸಿ’ ಸ್ಥಾನವಿದ್ದರೆ ವೀಸಾ ಇಲ್ಲದೆ ಜರ್ಮನಿಗೆ ಹೋಗಿ, ಮೂರು ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬಹುದು. ಆದರೆ ಅಲ್ಲಿನ ಪರ್ಮಿಟ್ ಕೈಗೆ ಬರುವ ತನಕ ಕೆಲಸ ಶುರು ಮಾಡುವಂತಿಲ್ಲ. ದೊಡ್ಡ ಲಾಭವೆಂದರೆ ಜರ್ಮನಿಯಲ್ಲಿ ಹೊಂದಿಕೆಯಾಗದಿದ್ದರೆ ಮರಳಲು ಬಾಗಿಲು ತೆರೆದಿರುತ್ತದೆ. ಜರ್ಮನಿಯಲ್ಲಿ ಮೊದಲ ಆರು ತಿಂಗಳ ಪ್ರೊಬೇಷನ್‌ನಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು ಎಂಬುದು ನೆನಪಿರಲಿ. ಪರೀಕ್ಷೆಗೆ ಇನ್ನೂ ಕೂತೇ ಇಲ್ಲ ಎಂದಾದರೆ ಆರು ತಿಂಗಳು ಕಾದು ಪ್ರಯೋಜನವಿಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಲ್ಲಿ, ಬಿ1 (ಮಧ್ಯಮ) ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲೇ ಕಾಯಂ ವಾಸದ ಹಕ್ಕು ಸಿಗುತ್ತದೆ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಮನೆ ಸಿಕ್ಕಿದೆ. ವಿಳಾಸ ನೋಂದಣಿ, ತೆರಿಗೆ ಸಂಖ್ಯೆ, ಬ್ಯಾಂಕು ಇವುಗಳಲ್ಲಿ ಯಾವುದು ಮೊದಲು?

ಉತ್ತರ: ನೋಂದಣಿ ಮೊದಲು, ಉಳಿದವೆಲ್ಲ ಅದರ ಹಿಂದೆಯೇ ಬರುತ್ತವೆ. ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗಬೇಕು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಸಾಮಾನು ಕಟ್ಟುವ ಮೊದಲೇ ಕಾಯ್ದಿರಿಸಿ. ಬಾಡಿಗೆ ಕರಾರು ತೋರಿಸಿದರೆ ಸಾಲದು. ‘ಇವರು ಇಂಥ ದಿನದಿಂದ ಇಲ್ಲಿ ವಾಸವಾಗಿದ್ದಾರೆ’ ಎಂದು ಮನೆ ಮಾಲೀಕರು ಸಹಿ ಮಾಡಿದ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಎಂಬ ಒಂದು ಪುಟದ ಪತ್ರ ಬೇಕು. ಹೆಸರು ಬಾಯಿಗೆ ತಿರುಗದಿದ್ದರೂ ಪತ್ರ ಮರೆಯಬೇಡಿ. ಕೀ ಇಸಿದುಕೊಳ್ಳುವ ದಿನವೇ ಕೇಳಿ ಪಡೆದುಬಿಡಿ.

ನೋಂದಣಿ ಆದ ಕೆಲವು ವಾರಗಳಲ್ಲಿ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲೊಂದು ಸಣ್ಣ ವಿಷಯ ದೊಡ್ಡ ತಲೆನೋವಾಗುತ್ತದೆ. ಜರ್ಮನಿಯ ವಸತಿ ಕಟ್ಟಡಗಳ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ನೋಡುವುದು ಕೆಳಗಿನ ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನು. ಅಲ್ಲಿ ಹಿಂದಿನ ಬಾಡಿಗೆದಾರರ ಹೆಸರೇ ಇದ್ದರೆ ನಿಮ್ಮ ಕಾಗದ ಬಂದ ದಾರಿಯಲ್ಲೇ ವಾಪಸ್. ಮಾಲೀಕರು ಅಚ್ಚುಕಟ್ಟಾದ ಹೆಸರಿನ ಫಲಕ ಹಾಕಿಸುವ ತನಕ ಕಾಯದೆ, ಕಾಗದದ ಚೀಟಿಯ ಮೇಲೆ ಬರೆದು ಅಂದೇ ಅಂಟಿಸಿ. ಇನಿಶಿಯಲ್ ಇಟ್ಟುಕೊಂಡಿರುವ ನಮ್ಮವರು ಇನ್ನಷ್ಟು ಎಚ್ಚರ ವಹಿಸಬೇಕು: ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ, ಕರೆಯುವುದು ಬೇರೆ ಹೆಸರಿನಿಂದ. ಪೆಟ್ಟಿಗೆಯ ಮೇಲೆ ಇರಬೇಕಾದ್ದು ನೋಂದಣಿ ಪತ್ರದಲ್ಲಿರುವ ಸರ್‌ನೇಮ್. ಬ್ಯಾಂಕಿನ ಪಿನ್, ಆರೋಗ್ಯ ವಿಮೆಯ ಕಾರ್ಡ್ ಬರುವುದೂ ಇದೇ ಪೆಟ್ಟಿಗೆಗೆ.

ತೆರಿಗೆ ಸಂಖ್ಯೆ ಕಂಪನಿಗೆ ತಲುಪದಿದ್ದರೆ ಕೊನೆಗೆ ಆರನೇ ತೆರಿಗೆ ದರ್ಜೆಯಲ್ಲಿ, ಅಂದರೆ ಅತಿ ಹೆಚ್ಚಿನ ದರದಲ್ಲಿ ಸಂಬಳ ಕಡಿತವಾಗುತ್ತದೆ. ಹೆಚ್ಚಾಗಿ ಹೋದದ್ದು ಆಮೇಲೆ ವಾಪಸ್ ಬರುತ್ತದೆ, ಆದರೆ ಮನೆಯ ಠೇವಣಿ ಕಟ್ಟುವ ತಿಂಗಳಲ್ಲೇ ಅದು ಆದರೆ ಕಷ್ಟ. ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಧಾರಾಳವಾಗಿಯೇ ಕಂಡೀತು! ಆದರೆ ಖಾಲಿ ಮನೆ ಎಂದರೆ ಜರ್ಮನಿಯಲ್ಲಿ ಎಷ್ಟೋ ಸಲ ಅಡುಗೆಮನೆಯ ಸಿಂಕು, ಒಲೆಯೂ ಇಲ್ಲದ ಮನೆ. ಕೇಳಿ ತಿಳಿದುಕೊಳ್ಳಿ.

ನೋಂದಣಿ ಅರ್ಜಿಯಲ್ಲಿ ಧರ್ಮದ ಕಲಮು ಇದೆ. ಅದು ಚರ್ಚ್ ತೆರಿಗೆಗಾಗಿ, ಆದಾಯ ತೆರಿಗೆಯ 8 ಅಥವಾ 9 ಶೇಕಡಾ. ತೆರಿಗೆ ವಸೂಲಿ ಮಾಡುವ ಚರ್ಚಿನ ಸದಸ್ಯರಲ್ಲದವರಿಗೆ ಅದು ತಾಗುವುದಿಲ್ಲ.

ಪ್ರಶ್ನೆ: ಹೊರಡುವ ಮೊದಲು ನೆದರ್ಲೆಂಡ್ಸ್‌ನಲ್ಲಿ ಏನೇನು ಮುಗಿಸಬೇಕು?

ಉತ್ತರ: ಊರಿನ ಖೆಮೇಂಟೆಗೆ (ಸ್ಥಳೀಯ ಆಡಳಿತಕ್ಕೆ) ಹೊರಡುವ ಹಿಂದಿನ ಐದು ದಿನಗಳೊಳಗೆ ತಿಳಿಸಿ ಹೆಸರು ತೆಗೆಸಿ, ಅದರ ಪತ್ರ ಇಟ್ಟುಕೊಳ್ಳಿ. ಆರೋಗ್ಯ ವಿಮೆಯ ಕಂಪನಿಗೆ ನೀವೇ ಹೇಳಬೇಕು, ಇಲ್ಲವಾದರೆ ಕಂತು ಕಡಿತವಾಗುತ್ತಲೇ ಇರುತ್ತದೆ. ಹೊರದೇಶದಿಂದ ಬಂದ ನೌಕರರಿಗೆ ನೆದರ್ಲೆಂಡ್ಸ್ ಕೊಡುವ 30 ಶೇಕಡಾ ತೆರಿಗೆ ವಿನಾಯಿತಿ ಗಡಿಯಾಚೆ ಬರುವುದಿಲ್ಲ. ಮ್ಯೂನಿಕ್‌ನ ಸಂಬಳ ಹೆಚ್ಚೆಂದು ಬೀಗುವ ಮೊದಲು ಕೈಗೆ ಸಿಗುವ ಮೊತ್ತ ಹೋಲಿಸಿ. ಹೊರಟ ವರ್ಷದ ತೆರಿಗೆ ವಿವರ ಸಲ್ಲಿಸಲು ‘ಎಂ’ ನಮೂನೆ ಎಂಬ ಬೇರೆಯೇ ಅರ್ಜಿ ಇದೆ. ಅದಕ್ಕೆ ಡಿಜಿಡಿ, ಅಂದರೆ ಡಚ್ ಸರ್ಕಾರಿ ಸೇವೆಗಳ ಆನ್‌ಲೈನ್ ಲಾಗಿನ್ ಖಾತೆ ಬೇಕಾಗುತ್ತದೆ, ಮುಚ್ಚಬೇಡಿ. ಹಳೆಯ ಸಿಮ್ ಬಿಡುವ ಮೊದಲು ಡಿಜಿಡಿ ಖಾತೆಯಲ್ಲಿರುವ ಫೋನ್ ನಂಬರ್ ಬದಲಿಸಿ.

ಪ್ರಶ್ನೆ: ನಮ್ಮ ವಿವಾಹ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಹೊರದೇಶಗಳಿಗೆ ದೃಢಪಡಿಸುವ ಮುದ್ರೆ) ಮಾಡಿಸಿ ನೆದರ್ಲೆಂಡ್ಸ್‌ನಲ್ಲಿ ಬಳಸಿದ್ದೆವು. ಜರ್ಮನಿಗೂ ಅದೇ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆಂದು ನಂಬಿ ಕೂರಬೇಡಿ. ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತ್ತು, ಹಾಗಾಗಿ ಇವೆರಡು ದೇಶಗಳ ನಡುವೆ ಆ ಮುದ್ರೆಗೆ ಕಾನೂನಿನ ಬಲವಿಲ್ಲ. ಅಧಿಕಾರಿಗೆ ಅನುಮಾನ ಬಂದರೆ ಭಾರತದಲ್ಲಿರುವ ಜರ್ಮನ್ ದೂತಾವಾಸದ ಮೂಲಕ ಪತ್ರದ ಪರಿಶೀಲನೆಗೆ ಕಳಿಸುತ್ತಾರೆ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ವೀಸಾ ಅರ್ಜಿಗೆ ಮುಂಚೆಯೇ ಇದನ್ನು ಬರಹದಲ್ಲಿ ಕೇಳಿ. ಹಳೆಯ ಕೈಬರಹದ ಕನ್ನಡ ಜನನ ಪತ್ರವಿದ್ದರೆ ಊರಿನಲ್ಲಿರುವಾಗಲೇ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸಿ. ಕನ್ನಡದಿಂದ ನೇರ ಜರ್ಮನ್‌ಗೆ ತರುವ ಪ್ರಮಾಣಿತ ಅನುವಾದಕರು ಸುಲಭಕ್ಕೆ ಸಿಗುವವರಲ್ಲ. ಒಂದು ಸಮಾಧಾನ: ಬ್ಲೂ ಕಾರ್ಡ್ ಇದ್ದವರ ಸಂಗಾತಿಗೆ ಜರ್ಮನ್ ಭಾಷೆಯ ಪರೀಕ್ಷೆ ಬೇಕಿಲ್ಲ, ಕೆಲಸ ಮಾಡಲೂ ಅಡ್ಡಿಯಿಲ್ಲ.

ಪ್ರಶ್ನೆ: ಭಾರತದ ಡ್ರೈವಿಂಗ್ ಲೈಸೆನ್ಸ್ ಕೊಟ್ಟು, ಪರೀಕ್ಷೆಯಿಲ್ಲದೆ ಡಚ್ ಲೈಸೆನ್ಸ್ ಪಡೆದಿದ್ದೇನೆ. ಜರ್ಮನಿಯಲ್ಲಿ ಓಡಿಸಬಹುದಲ್ಲವೇ?

ಉತ್ತರ: ಕಾರ್ಡಿನ ಹಿಂಬದಿಯ 12ನೇ ಕಲಮು ನೋಡಿ. ಅಲ್ಲಿ 70 ಎಂಬ ಸಂಕೇತ, ಅದರ ಜೊತೆ ಭಾರತದ ಗುರುತು ಇರುತ್ತದೆ. ಇಯು ಹೊರಗಿನ ಲೈಸೆನ್ಸ್ ಬದಲಿಸಿ ಪಡೆದದ್ದು ಎಂದು ಅದರರ್ಥ. ಹೀಗೆ ಪರೀಕ್ಷೆಯಿಲ್ಲದೆ ಬಂದ ಲೈಸೆನ್ಸನ್ನು, ನೀವು ಜರ್ಮನಿಯಲ್ಲಿ ನೆಲೆಸಿದ ಮೇಲೆ, ಅಲ್ಲಿನವರು ಉಳಿದ ಇಯು ಲೈಸೆನ್ಸುಗಳಂತೆ ಒಪ್ಪುವುದಿಲ್ಲ. ಲಿಖಿತ ಮತ್ತು ರಸ್ತೆ ಪರೀಕ್ಷೆ ಎರಡಕ್ಕೂ ಹಣ, ಸಮಯ ತೆಗೆದಿಡಿ. ಕಾರು ಕೊಳ್ಳುವ ಮುಂಚೆ ಲೈಸೆನ್ಸ್ ಕಚೇರಿಗೆ ಹೋಗಿ ಕಾರ್ಡ್ ತೋರಿಸಿ ಬನ್ನಿ.