ಫೋಟೊ ತೇಲಿದಂತೆ ಕಾಣುತ್ತಿದೆಯೇ?

ಪ್ರಶ್ನೆ: ಅಜ್ಜಿಯ ಹಳೆ ಫೋಟೊಗಳನ್ನು ಸ್ಕ್ಯಾನ್ ಮಾಡಿ ಗಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದೇನೆ. ಫೋಟೊ, ರಿಬ್ಬನ್, ಗುಂಡಿ ಯಾವುದೂ ಅಂಟಿಸಿದ ಹಾಗೆ ಕಾಣುವುದಿಲ್ಲ, ಸುಮ್ನೆ ತೇಲಿದ ಹಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೆರಳಿನದ್ದೇ ಸಮಸ್ಯೆ. ಒಂದೊಂದನ್ನೂ ಬೇರೆ ಬೇರೆ ಲೇಯರ್‌ನಲ್ಲಿ (ಪದರದಲ್ಲಿ) ಇಡಿ, ಆಮೇಲೆ ಫಿಲ್ಟರ್ಸ್ ಮೆನುವಿನ ಲೈಟ್ ಆ್ಯಂಡ್ ಶ್ಯಾಡೋದಲ್ಲಿ ಡ್ರಾಪ್ ಶ್ಯಾಡೋ ಕೊಡಿ. ಎಲ್ಲಕ್ಕೂ ಒಂದೇ ಅಳತೆ ಕೊಟ್ಟರೆ ಕೆಡುತ್ತದೆ: ಫೋಟೊ ತೆಳು, ಅದರ ನೆರಳು ಅಂಚಿಗೆ ಅಂಟಿಕೊಂಡಿರಲಿ; ಗುಂಡಿ ದಪ್ಪ ಅಲ್ವಾ, ಅದಕ್ಕೆ ಸ್ವಲ್ಪ ಜಾಸ್ತಿ ಇರಲಿ. ದಿಕ್ಕು ಮಾತ್ರ ಎಲ್ಲಕ್ಕೂ ಒಂದೇ. ಅಚ್ಚ ಕಪ್ಪಿನ ಬದಲು ಗಾಢ ಕಂದು ಬಳಸಿ, ಹಳೆ ಫೋಟೊಗೆ ಅದೇ ಚೆಂದ. ಪ್ರಿಂಟ್ ಹಾಕಿಸುವುದಾದರೆ 12 ಇಂಚಿನ ಚೌಕ ಪುಟಕ್ಕೆ 300 ಡಿಪಿಐನಂತೆ (ಇಂಚಿಗೆ 300 ಚುಕ್ಕೆ) ಒಂದೊಂದು ಬದಿಗೂ 3600 ಪಿಕ್ಸೆಲ್ ಬೇಕು. ಕತ್ತರಿಸಿದ ಅಲಂಕಾರಗಳನ್ನು ಪಿಎನ್‌ಜಿ ಫೈಲ್ ಆಗಿಯೇ ಉಳಿಸಿ, ಜೆಪಿಜಿಯಲ್ಲಿ ಪಾರದರ್ಶಕ ಭಾಗ ಉಳಿಯುವುದಿಲ್ಲ.